ಸಂಕವ್ವನ ಬೋರ್ಡಿನ ಮೂರನೆಯ ಸಾಲು

ರೊಟ್ಟಿ ಅರ್ಧ ಬಡಿದಾಗಿತ್ತು. ಅಂಚು ಬಿರಿಯದಂತೆ ಎಡಗೈಯಿಂದ ತಿರುಗಿಸುತ್ತ ಬಲಗೈಯಿಂದ ತಟ್ಟುತ್ತಿದ್ದೆ. ಅಂಥ ಹೊತ್ತಿನಲ್ಲಿ ಯಾರು ಕರೆದರೂ ನಾನು ತಲೆಯೆತ್ತುವವಳಲ್ಲ. ಹೊರಗೆ ಯಾರೋ ನಕ್ಕರು. ಮಾತು ಕೇಳಿ ನಗುವ ನಗು ಅಲ್ಲ, ಓದಿ ನಗುವ ನಗು. ಅದು ಬೇರೆಯೇ ಇರುತ್ತದೆ. ನಡುವೆ ನಿಂತು, ಮುಂದಿನ ಸಾಲು ಮುಗಿಸಿ, ಮತ್ತೆ ಶುರುವಾಗುತ್ತದೆ. ನನ್ನ ಖಾನಾವಳಿಯ ಬೋರ್ಡನ್ನು ಯಾರೋ ಓದುತ್ತಿದ್ದಾರೆಂದು ತಿಳಿಯಿತು.

ಆ ಬೋರ್ಡಿನಲ್ಲಿ ನಗುವಂಥದ್ದು ಏನಿದೆಯೋ ನನಗೆ ಇಂದಿಗೂ ಗೊತ್ತಿಲ್ಲ. "ಊಟ ಇದೆ. ರೊಟ್ಟಿ ಚೆನ್ನಾಗಿರುತ್ತದೆ. ಬೇಳೆ ಕೆಲವು ದಿನ ನೀರು. ಅವಸರ ಮಾಡಿದವರಿಗೆ ಬೈಯುತ್ತೇನೆ." ಅಷ್ಟೇ. ನಮ್ಮ ಊರಿನಲ್ಲಿ ಸುಳ್ಳು ಬರೆದರೆ ಬಣ್ಣ ನಿಲ್ಲುವುದಿಲ್ಲ. ಬೋರ್ಡಾಗಲಿ ಗೋಡೆಯಾಗಲಿ ಕಾಗದವಾಗಲಿ, ಊರೊಳಗೆ ಕೂತು ಬರೆದದ್ದು ಖರೆ ಇದ್ದರೆ ಉಳಿಯುತ್ತದೆ, ಇಲ್ಲವಾದರೆ ಮಾಸಿಹೋಗುತ್ತದೆ. ನನಗಂತೂ ಇದರಲ್ಲಿ ವಿಚಿತ್ರ ಅನ್ನಿಸಿದ್ದೇ ಇಲ್ಲ. ಕೂದಲು ನರೆಯತೊಡಗಿದ ಮೇಲೆ ನಾನು ರಾತ್ರಿ ಶಾಲೆಗೆ ಹೋದವಳು. ಪುಸ್ತಕದಲ್ಲಿದ್ದ "ಕಮಲ ಬಾವಿಗೆ ಹೋದಳು" ಎಂಬುದನ್ನು ಮೇಷ್ಟ್ರು ಕರಿಹಲಗೆಯ ಮೇಲೆ ಬರೆದರೆ ತಿರುಗಿ ನೋಡುವಷ್ಟರಲ್ಲಿ ಇರುತ್ತಿರಲಿಲ್ಲ, ಯಾಕೆಂದರೆ ಊರಿನಲ್ಲಿ ಕಮಲ ಎಂಬುವವಳೇ ಇರಲಿಲ್ಲ. ಹಾಗಾಗಿ ಅವರು "ನೀಲಗಂಗವ್ವ ಇವತ್ತೂ ತಡವಾಗಿ ಬಂದಳು" ಎಂದು ಬರೆದರು. ನಾನು ಓದಲು ಕಲಿತ ಮೊದಲ ವಾಕ್ಯ ಅದು, ನನ್ನದೇ ಹೆಸರಿನದು.

ನಕ್ಕವಳು ಒಳಗೆ ಬಂದಳು. ಕತ್ತರಿಸಿದ ಕೂದಲು, ಕುತ್ತಿಗೆಯಲ್ಲಿ ಕ್ಯಾಮೆರಾ, ಮಂಡಿಯ ಹತ್ತಿರ ಹರಿದ ಪ್ಯಾಂಟು.

"ಅಜ್ಜಿ, ಈ ಬೋರ್ಡ್ ಬರೆದೋರು ಯಾರು?"

"ನಾನ."

"ಬೇಳೆ ನೀರು ಅಂತ ನೀವೇ ಬರ್ಕೊಂಡಿದೀರಾ?"

"ಇವತ್ತ ಗಟ್ಟಿ ಐತಿ. ಕುಂದ್ರು."

ಕುಳಿತಳು. ಹೆಸರು ತನ್ಮಯಿ ಎಂದಳು. ದೊಡ್ಡ ಊರಿನಲ್ಲಿ ಡಿಸೈನರ್ ಕೆಲಸವಂತೆ. ಪುಸ್ತಕದ ಹೊದಿಕೆ, ಡಬ್ಬಿಯ ಮೇಲಿನ ಚಿತ್ರ, ಚೀಲ, ಅಂಗಿ, ಯಾವುದರ ಮೇಲೆ ಯಾವ ಅಕ್ಷರ ಹೇಗೆ ಕೂರಬೇಕೆಂದು ತೀರ್ಮಾನಿಸುವವಳು. ರಜೆ ಹಾಕಿ ಒಬ್ಬಳೇ ಕಾರು ತೆಗೆದುಕೊಂಡು ಹೊರಟಿದ್ದಳು. ಯಾರೂ ನೋಡಲು ಹೋಗದಂಥವನ್ನು ನೋಡುವುದು ಅವಳ ಹುಚ್ಚು. ದಾರಿಯಲ್ಲಿ ಕಂಡ ವಿಮಾನದ ಆಕಾರದ ನೀರಿನ ಟ್ಯಾಂಕು, ಹಳೇ ಬಸ್ಸಿನ ಮೂತಿಯನ್ನೇ ಬಾಗಿಲಿಗೆ ಕೂರಿಸಿದ ಮನೆ, ಹೆಲ್ಮೆಟ್ಟುಗಳಲ್ಲಿ ತುಳಸಿ ಬೆಳೆಸಿದ ಪಂಕ್ಚರ್ ಅಂಗಡಿ, ಎಲ್ಲವನ್ನೂ ಕ್ಯಾಮೆರಾದಲ್ಲಿ ತೋರಿಸಿದಳು. ನಾನೂ ನಕ್ಕೆ. ಹುಡುಗಿ ಚೆನ್ನಾಗಿ ಉಂಡಳು, ಉಂಡ ತಟ್ಟೆ ತಾನೇ ತೊಳೆದಳು. ಕೆಟ್ಟವಳಲ್ಲ ಅನ್ನಿಸಿತು.

ಬಣ್ಣದ ವಿಷಯ ಹೇಳಿದೆ. ಕಣ್ಣು ಅಗಲ ಮಾಡಿ, "ಎಂಥ ಕಾನ್ಸೆಪ್ಟ್ ಅಜ್ಜಿ," ಎಂದಳು. ನಂಬಲಿಲ್ಲ, ನಂಬದೆಯೂ ಇರಲಿಲ್ಲ. ನಿಜವೋ ಸುಳ್ಳೋ ಎನ್ನುವುದು ಅವಳಿಗೆ ಬೇಕೇ ಇರಲಿಲ್ಲ, ಅದಕ್ಕಾಗಿಯೇ ನನಗೆ ಸಿಟ್ಟು. ಆಮೇಲೆ ಊರೆಲ್ಲ ತಿರುಗಿ ಬೋರ್ಡುಗಳ ಫೋಟೋ ತೆಗೆದಳು. ಮಾನಪ್ಪನ ಚಹಾದಂಗಡಿಯ "ಚಹಾ ಸುಮಾರು. ಬೆಂಚು ಗಟ್ಟಿ," ಕ್ಷೌರದಂಗಡಿಯ "ಸೋಮವಾರ ಕೈ ನಡುಗುತ್ತದೆ," ಜ್ಯೋತಿಷ್ಯ ಹೇಳುವವರ ಬೋರ್ಡಂತೂ ಬರೀ ಬಿಳಿ ಹಲಗೆ. ಕೊನೆಗೆ ಬಸ್ ನಿಲ್ದಾಣಕ್ಕೆ ಹೋಗಿ ಸಂಕವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಫೋಟೋ ತೆಗೆದಳು.

ಸಂಕವ್ವ ನಿಲ್ದಾಣದಲ್ಲಿ ಗಂಟು ಕಾಯುವವಳು. ಸಂತೆಗೆ ಬರುವ ಬಳೆಗಾರರು, ಬೀಜದ ವ್ಯಾಪಾರಿಗಳು, ಬಸ್ಸು ಬದಲಿಸುವವರು ತಮ್ಮ ಸಾಮಾನನ್ನು ಅವಳ ಹತ್ತಿರ ಇಟ್ಟು ಊರೊಳಗೆ ಕೆಲಸ ಮುಗಿಸಿಕೊಂಡು ಬರುತ್ತಾರೆ. ಅವಳ ಬೆನ್ನ ಹಿಂದಿನ ಬೋರ್ಡಿನಲ್ಲಿ ಮೂರು ಸಾಲು. "ಗಂಟು ನೋಡಿಕೊಳ್ಳುತ್ತೇನೆ. ಒಮ್ಮೆ ಕದ್ದಿದ್ದೆ. ಈಗ ಇಲ್ಲ."

ಅವಳು ಕದ್ದದ್ದು ಊರಿಗೆಲ್ಲ ಗೊತ್ತು. ಯಾರದೋ ಗಂಟಿನಲ್ಲಿದ್ದ ಬದನೆ ಬಣ್ಣದ ಸೀರೆ. ಕದ್ದವಳು ಬಚ್ಚಿಡಬೇಕೋ ಬೇಡವೋ. ಮರುದಿನ ಅದನ್ನೇ ಉಟ್ಟು ನೀರಿಗೆ ಬಂದಳು. ಸೀರೆಯ ಒಡತಿ ನಲ್ಲಿಯ ಹತ್ತಿರವೇ ಸಿಕ್ಕಳು. ಸಂಕವ್ವ ಮನೆಗೆ ಹೋಗಿ ಸೀರೆ ಬಿಚ್ಚಿ, ಒಗೆದು, ಒಣಗಿಸಿ, ಮಡಿಕೆ ಹಾಕಿ ಕೊಟ್ಟುಬಂದಳು. ಆಮೇಲೆ ನನ್ನ ಬಾಗಿಲಿಗೆ ಬಂದು, "ನಿನಗ ಅಕ್ಷರ ಬರತಾವಲ್ಲ, ನನ್ನ ಬೋರ್ಡ್ ಬರಕೊಡು," ಎಂದಳು. ಮೊದಲ ಎರಡು ಸಾಲು ಅವತ್ತೇ ನಿಂತವು. ಮೂರನೆಯದು ನಿಲ್ಲಲಿಲ್ಲ. ಬೆಳಿಗ್ಗೆ ನಾನು ಬರೆಯುವುದು, ಸಂಜೆಗೆ ಅದು ಮಾಸುವುದು. ಕೈ ಕದ್ದಿರಲಿಲ್ಲ, ಆದರೆ ಕಣ್ಣು ಇನ್ನೂ ಗಂಟುಗಳ ಮೇಲೆಯೇ ಇತ್ತು. ಅವಳೇ ಹಾಗೆ ಹೇಳಿದಳು. "ಇವತ್ತೂ ಒಂದ ಕೊಡಪಾನ ನೋಡಿ ಆಸೆ ಆತು ಬೇ, ಅದಕ್ಕ ಹೋಗಿರಬೇಕ." ಒಂದು ವರ್ಷ ದಿನಾ ಬರೆದೆ. ಊರವರು ಸಂಜೆ ನಿಲ್ದಾಣಕ್ಕೆ ಬಂದು ಅಕ್ಷರ ಎಷ್ಟು ಉಳಿದಿದೆ ಎಂದು ನೋಡಿ ಹೋಗುತ್ತಿದ್ದರು, ಯಾರೂ ನಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಕುಂಚ ಹಿಡಿದು ಹೋದರೆ ಹಿಂದಿನ ದಿನದ್ದೇ ಗಟ್ಟಿಯಾಗಿ ನಿಂತಿತ್ತು. ಅವತ್ತಿನಿಂದ ಸಂಕವ್ವನ ಹತ್ತಿರ ಗಂಟು ಇಡಲು ಜನ ಸಾಲು ನಿಂತರು. ಬೇರೆ ಯಾವ ಊರಿನ ಯಾವ ಕಾವಲುಗಾರನಿಗೆ ಅಂಥ ಜಾಮೀನು ಇದೆ?

ತನ್ಮಯಿ ಫೋಟೋ ತೆಗೆದಳು, ಸಂಕವ್ವನಿಗೆ ಕೈಮುಗಿದಳು, ನನಗೊಂದು ವಿಳಾಸದ ಕಾರ್ಡು ಕೊಟ್ಟು ಹೋದಳು. ಅಷ್ಟು ಹೊತ್ತು ಸಂಕವ್ವನ ಮುಂದೆಯೇ ಕೂತಿದ್ದವಳು ತನ್ನ ಕಾರಿಗೆ ಮಾತ್ರ ಬೀಗ ಹಾಕಿದ್ದಳು. ಒಂದು ಛತ್ರಿಯನ್ನಾದರೂ ಅವಳ ಹತ್ತಿರ ಇಡಲಿಲ್ಲ. ಆಗ ನಾನು ಅದನ್ನು ಗಮನಿಸಿಯೂ ಗಮನಿಸದಂತೆ ಬಿಟ್ಟೆ.

ಸೀತಾಫಲ ಮಾರಾಟಕ್ಕೆ ಬರುವ ಕಾಲಕ್ಕೆ ಬಸ್ಸಿನ ಕಂಡಕ್ಟರ್ ಹಸನಸಾಬ ಒಂದು ಬಟ್ಟೆಯ ಚೀಲ ಹಿಡಿದುಕೊಂಡು ಖಾನಾವಳಿಗೆ ಬಂದ. ಬಂದವನೇ ಚೀಲವನ್ನು ಕಟ್ಟೆಯ ಮೇಲೆ ಹಾಸಿದ.

"ದೊಡ್ಡ ಊರಾಗ ಇದನ್ನ ಹುಡುಗ ಹುಡುಗ್ಯಾರೆಲ್ಲಾ ಹೆಗಲಿಗೆ ಹಾಕ್ಕೊಂಡ ತಿರಗಾಕತ್ತಾರ ಅಕ್ಕಾ. ನನ್ನ ಬಸ್ಸಿನ್ಯಾಗ ಒಬ್ಬಾಕಿ ಬಿಟ್ಟು ಹೋದ್ಲು."

ಚೀಲದ ಮೇಲೆ ಸಂಕವ್ವನ ಬೋರ್ಡು. ನನ್ನದೇ ಅಕ್ಷರ, ನನ್ನ ಗಕಾರದ ಸೊಟ್ಟ ತಲೆಕಟ್ಟು ಸಮೇತ ಹಾಗೇ ಅಚ್ಚಾಗಿತ್ತು. "ಗಂಟು ನೋಡಿಕೊಳ್ಳುತ್ತೇನೆ. ಒಮ್ಮೆ ಕದ್ದಿದ್ದೆ." ಅಲ್ಲಿಗೆ ಚೀಲ ಮುಗಿದಿತ್ತು. ಮೂರನೆಯ ಸಾಲು ಇರಬೇಕಾದಲ್ಲಿ ಬಟ್ಟೆ ಮಡಿಚಿ ಹೊಲಿಗೆ ಹಾಕಿದ್ದರು. ಒಳಗಿನ ಚೀಟಿಯಲ್ಲಿ ತನ್ಮಯಿಯ ಹೆಸರು.

ನಾನು ಚೀಲವನ್ನು ತಿರುಗಿಸಿ ನೋಡಿದೆ, ಒಳಗನ್ನು ಹೊರಗೆ ಮಾಡಿ ನೋಡಿದೆ, ಎಲ್ಲಾದರೂ ಇರಬಹುದೆಂದು. ಇರಲಿಲ್ಲ. ಹೊರಗೆ ಅಚ್ಚಾದದ್ದು ನಮ್ಮ ಊರಿಗೆ ಬಂದರೂ ಮಾಸುವುದಿಲ್ಲ. ಒಂದು ವರ್ಷ ದಿನಾ ಸಂಜೆ ಅಳಿಸಿಹೋದ ಸಾಲು ಅದು. ಆ ಹುಡುಗಿ ಒಂದೇ ಸಲಕ್ಕೆ ಅಳಿಸಿದ್ದಳು.

"ಜಾಗಾ ಸಾಲಲಿಲ್ಲೇನೋ," ಎಂದ ಹಸನಸಾಬ.

"ಜಾಗಾ ಸಾಲದಿದ್ರ ಎರಡನೇದು ಬಿಡಬೇಕಿತ್ತು."

"ಅದನ್ನ ಬಿಟ್ರ ಯಾರ ನಗ್ತಾರ ಅಕ್ಕಾ?"

ಅವತ್ತು ಸಂಜೆಯೇ ಅವಳಿಗೆ ಕಾಗದ ಬರೆಯಲು ಕೂತೆ. "ಇಲ್ಲಿ ಎಲ್ಲರೂ ಕ್ಷೇಮ" ಎಂದು ಶುರುಮಾಡಿದೆ, ಅದು ಮಾಸಿಹೋಯಿತು. ನಮ್ಮ ಊರಿನಿಂದ ಹೋಗುವ ಕಾಗದಗಳಲ್ಲಿ ಆ ಮಾತು ಅಪರೂಪಕ್ಕೇ ಉಳಿಯುತ್ತದೆ, ಅದರ ಚಿಂತೆ ಇಲ್ಲ. "ನೀನು ಬೇಕೆಂದೇ ಹೀಗೆ ಮಾಡಿದ್ದೀಯ" ಎಂದು ಬರೆದೆ. ಶಾಯಿ ಒಣಗುವ ಮೊದಲೇ ಅದೂ ಹೋಯಿತು. ಮತ್ತೆ ಒತ್ತಿ ಬರೆದೆ. ಹೋಯಿತು. ಹಾಗಾದರೆ ಬೇಕೆಂದು ಮಾಡಿಲ್ಲ. ಅದನ್ನು ತಿಳಿದು ನನ್ನ ಸಿಟ್ಟು ಇಳಿಯಬೇಕಿತ್ತು, ಆದರೆ ಮೈಯೆಲ್ಲ ಉರಿಯಿತು. ಬೇಕೆಂದು ಮಾಡಿದ್ದರೆ ಒಂದು ಮಾತು. ಒಬ್ಬಳ ಬದುಕನ್ನು ಅರ್ಧಕ್ಕೆ ಮಡಿಚಿ ಹೊಲಿಗೆ ಹಾಕಿಬಿಟ್ಟದ್ದೂ ಗೊತ್ತಾಗದಷ್ಟು ನಿಶ್ಚಿಂತೆಯಾಗಿ ಮಾಡಿದ್ದಾಳಲ್ಲ.

"ನಿಮ್ಮ ನಗು ನಮಗೆ ಲೆಕ್ಕಕ್ಕಿಲ್ಲ" ಎಂದು ಬರೆದೆ, ಮಾಸಿತು. "ನಿನಗೆ ನಮ್ಮ ಊರು ಅಂದರೆ ಕಸ" ಎಂದು ಬರೆದೆ, ಅದೂ ಮಾಸಿತು. ಕೊನೆಗೆ ಕಾಗದದಲ್ಲಿ ಉಳಿದದ್ದು ಅವಳ ಹೆಸರು ಮತ್ತು ಒಂದು ಅಲ್ಪವಿರಾಮ.

ಅಷ್ಟರಲ್ಲಿ ಚೀಲ ನೋಡಿ ಊರು ಹುಡುಕಿಕೊಂಡು ಕಾರುಗಳು ಬರತೊಡಗಿದವು. ಬಂದವರು ಬೋರ್ಡುಗಳ ಮುಂದೆ ನಿಂತು ಹಲ್ಲು ಬಿಟ್ಟು ಫೋಟೋ ತೆಗೆಸಿಕೊಂಡರು. ನಮ್ಮವರೂ ಕಡಿಮೆ ಇಲ್ಲ. ಮಾನಪ್ಪ ಹಳೇ ಬೋರ್ಡು ಕೆರೆದು "ಈ ರಸ್ತೆಯಲ್ಲೇ ಕೆಟ್ಟ ಚಹಾ" ಎಂದು ದೊಡ್ಡದಾಗಿ ಬರೆದ. ಅದು ನಿಲ್ಲಲಿಲ್ಲ, ಸೇತುವೆಯ ಹತ್ತಿರ ಅವನದಕ್ಕಿಂತ ಕೆಟ್ಟ ಚಹಾ ಇತ್ತು. ಸುಮ್ಮನಾಗುವ ಬದಲು ಅವನು ಹಳೇ ಪುಡಿಯನ್ನೇ ಮತ್ತೆ ಕುದಿಸಿದ, ಹಾಲಿಗೆ ನೀರು ಸೇರಿಸಿದ, ಬಣ್ಣ ನಿಲ್ಲುವವರೆಗೂ ಕೆಡಿಸುತ್ತಲೇ ಹೋದ. ಕೊನೆಗೆ ನಿಂತಿತು.

"ಏನೋ ಮಾನಪ್ಪ, ಇದನ್ನ ಮನಷ್ಯಾರು ಕುಡಿತಾರೇನು?" ಎಂದೆ.

"ಕುಡ್ಯಾಕ ಯಾರ ಬರ್ತಾರ ಚಿಗವ್ವ. ಒಂದ ಗುಟುಕ ಕುಡದು ಥೂ ಅಂತಾರ, ನಗ್ತಾರ, ಕಪ್ಪ ಹಿಡದು ಫೋಟೋ ತಗಸ್ಕೋತಾರ. ಬರೇ ಸುಮಾರು ಇದ್ದಾಗ ಒಬ್ಬನರ ನಿಂತಿದ್ನೇನು?"

"ಹೊಲದಿಂದ ದಣದು ಬರೋರು ಏನ್ ಕುಡೀಬೇಕು?"

"ಅವ್ರು ನಿನ್ನಲ್ಲೆ ಮಜ್ಜಿಗಿ ಕುಡೀಲಿ."

ನಾಚಿಕೆಯೇ ಇಲ್ಲದೆ ಹೇಳಿದ. ಅವನ ಬೋರ್ಡು ಈಗ ಖರೆ, ಅದು ಇನ್ನೂ ಸಂಕಟ. ಖರೆ ಹೇಳುವುದೆಂದರೆ ಇದ್ದದ್ದನ್ನು ಹೇಳುವುದು ಎಂದು ನಾನು ತಿಳಿದಿದ್ದೆ. ಬರೆದದ್ದಕ್ಕೆ ತಕ್ಕಂತೆ ಕೆಡುತ್ತ ಹೋಗುವುದೂ ಖರೆಯೇ ಎಂದು ಈ ಊರಿನಲ್ಲಿ ಯಾರಿಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಸಂಕವ್ವನ ಮುಂದೆ ಎಲ್ಲಕ್ಕಿಂತ ಹೆಚ್ಚು ಗದ್ದಲ. ಬಂದವರು ಅವಳ ಪಕ್ಕ ಕೂತು ತಮ್ಮ ಪರ್ಸನ್ನು ಎದೆಗವಚಿಕೊಂಡು ಹೆದರಿದವರಂತೆ ಮುಖ ಮಾಡಿ ಫೋಟೋ ತೆಗೆಸಿಕೊಂಡರು. ಒಬ್ಬನು ಖಾಲಿ ಚೀಲ ಕೊಟ್ಟು, "ಅಜ್ಜಿ, ಕದಿಯೋ ಥರ ಮಾಡಿ," ಎಂದ. ಅವಳು ಚೀಲವನ್ನು ಇಸಿದುಕೊಂಡು, ಮಡಿಚಿ, ಪಕ್ಕದಲ್ಲಿಟ್ಟು, "ಎಷ್ಟೊತ್ತಿಗೆ ಬರ್ತೀಯಪ್ಪ ತಗೊಳ್ಳಾಕ?" ಎಂದು ಕೇಳಿದಳು. ಅವರೆಲ್ಲ ಇನ್ನೂ ಜೋರಾಗಿ ನಕ್ಕರು. ನಾನು ಸೌಟು ಹಿಡಿದುಕೊಂಡೇ ಖಾನಾವಳಿಯಿಂದ ಓಡಿ ಬಂದು ಅವರನ್ನು ಕಾರಿನವರೆಗೂ ಬೈದು ಅಟ್ಟಿದೆ. ಅದರ ಫೋಟೋ ಕೂಡ ತೆಗೆದುಕೊಂಡರು.

ಆಮೇಲೆ ಬಳೆಗಾರರು ಗಂಟು ಇಡುವುದನ್ನು ಬಿಟ್ಟರು. ಹೊರಗಿನ ಜನ ಅವರು. ಬೇರೆ ಊರುಗಳಲ್ಲಿ ಆ ಚೀಲ ನೋಡಿದ್ದರು. ಬೋರ್ಡನ್ನು ಪೂರ್ತಿ ಓದಿದವರೂ ಚೀಲದ ಮಾತನ್ನೇ ನಂಬಿದರು. ಒಬ್ಬ ಬೀಜದ ವ್ಯಾಪಾರಿ ವರ್ಷಗಳಿಂದ ಅವಳ ಹತ್ತಿರ ಮೂಟೆ ಇಡುತ್ತಿದ್ದವನು, ಈಗ ಮೂಟೆಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಸಂತೆಯೆಲ್ಲ ತಿರುಗಿದ, ಅವಳ ಮುಂದೆ ಹಾಯುವಾಗ ಆಚೆ ಮುಖ ಮಾಡಿಕೊಂಡ. ಸಂಕವ್ವ ಎದ್ದು ನಿಂತು, ಕೈ ಮುಂದೆ ಮಾಡಿ, ಮತ್ತೆ ಕೂತಳು.

ಆ ವಾರವೇ ಮೊದಲನೆಯ ಸಾಲು ಮಾಸುತ್ತಿರುವುದನ್ನು ನಾನು ಕಂಡೆ. "ಗಂಟು ನೋಡಿಕೊಳ್ಳುತ್ತೇನೆ." ನೋಡಿಕೊಳ್ಳಲು ಗಂಟೇ ಇರಲಿಲ್ಲವಲ್ಲ. ಕುಂಚ ತಂದು ಮೇಲೆ ಬರೆದೆ, ಸಂಜೆಗೆ ಮತ್ತೆ ಮಬ್ಬು. ಊರವರಿಗೆ ಹೇಳಿದೆ. ಎಲ್ಲರೂ ಒಂದೊಂದು ಗಂಟು ಕಟ್ಟಿಕೊಂಡು ಬಂದು ಅವಳ ಹತ್ತಿರ ಇಟ್ಟರು; ನಾನು ನನ್ನ ಹಾಸಿಗೆಯನ್ನೇ ಸುತ್ತಿಕೊಂಡು ಹೋದೆ. ಆದರೂ ಸಾಲಿನ ಮಬ್ಬು ಹೋಗಲಿಲ್ಲ. ಎರಡು ಹೆಜ್ಜೆ ದೂರದಲ್ಲಿ ಮನೆ ಇರುವವರು ಮರುಕದಿಂದ ಇಟ್ಟ ಗಂಟು ಅದು. ನಮಗೇ ಗೊತ್ತಿತ್ತು, ಬಣ್ಣಕ್ಕೆ ಗೊತ್ತಾಗದೆ ಇರುತ್ತದೆಯೇ.

"ಆ ಹುಡಿಗಿಗೆ ಕಾಗದ ಬರದ್ಯೇನು?" ಎಂದು ಸಂಕವ್ವ ಕೇಳಿದಳು.

"ಬರಿಯಾಕತ್ತೀನಿ."

"ಮೂರನೇ ಸಾಲ ಹಾಕು ಅಂತ ಬರಿ. ಅಷ್ಟ ಸಾಕು."

"ಅಷ್ಟಕ್ಕ ಬಿಡಾಕ ಆಗೂದಿಲ್ಲ. ಅಕಿಗೆ ನಾಕು ಮಾತು ಬಿಗಿಬೇಕು."

"ನನಗ ಬೇಕಾಗಿದ್ದು ನನ್ನ ಸಾಲು. ನಿನ್ನ ನಾಕು ಮಾತು ನಿನಗ."

ಅವಳ ಮಾತು ನನಗೆ ಹಿಡಿಸಲಿಲ್ಲ. ಹಾಗೆ ಮೆತ್ತಗೆ ಕೇಳುವುದು ನನ್ನಿಂದಾಗದು. ದಿನಾ ಅಡುಗೆ ಮುಗಿಸಿ ಕೂತು ಬರೆದೆ, ಹರಿದೆ. ಅಹಂಕಾರಿ ಎಂದು ಬರೆದರೆ ನಿಲ್ಲದು, ಕಟುಕಿ ಎಂದರೆ ನಿಲ್ಲದು. ಬೈಗುಳದಲ್ಲಿ ಒಂದಾದರೂ ಅವಳಿಗೆ ಸರಿಯಾಗಿ ಕೂರಬಾರದೇ? ಸೀತಾಫಲದ ಕಾಲದಲ್ಲಿ ಶುರುವಾದ ಕಾಗದ ಮನೆಮನೆಯಲ್ಲಿ ಹುಣಸೆಹಣ್ಣು ಬಡಿಯುವ ಕಾಲಕ್ಕೂ ಮುಗಿದಿರಲಿಲ್ಲ.

ಒಂದು ಸಂತೆಯ ದಿನ ಖಾನಾವಳಿಗೆ ಉಪ್ಪು ತರಲು ಹೊರಟವಳು ನಿಲ್ದಾಣದ ಹತ್ತಿರ ನಿಂತೆ. ಸಂಕವ್ವ ಕಲ್ಲಿನ ಮೇಲೆ ಹತ್ತಿ ನಿಂತು ಬೋರ್ಡಿನ ತಂತಿ ಬಿಚ್ಚುತ್ತಿದ್ದಳು. ಮೊದಲನೆಯ ಸಾಲು ಇದ್ದಲ್ಲಿ ಹಲಗೆ ಖಾಲಿ. ದಿಟ್ಟಿಸಿ ನೋಡಿದರೆ ಮಾತ್ರ ಅಕ್ಷರದ ನೆರಳು. ಕೆಳಗೆ "ಒಮ್ಮೆ ಕದ್ದಿದ್ದೆ. ಈಗ ಇಲ್ಲ" ಎಂಬುದಷ್ಟೇ ಕಪ್ಪಗೆ ನಿಂತಿತ್ತು.

"ಇಳಿ ಕೆಳಗ," ಎಂದೆ.

"ಯಾಕ? ಏನು ಮಾಡಾಕಿ ನಾನು ಅಂತ ಮೊದಲನೇ ಸಾಲ ಹೇಳಬೇಕು. ಅದ ಇಲ್ಲ. ಕದ್ದಿದ್ದೆ, ಈಗ ಇಲ್ಲ ಅಂತ ಊರಿಗೆ ಸಾರಕೋತ ಕುಂದ್ರಲೇನು? ಮನ್ಯಾಗ ಕುಂದ್ರತೀನಿ."

"ನಾ ಕಾಗದ ಬರಿಯಾಕತ್ತೀನಿ ಅಂದ್ನಲ್ಲ."

"ನೀ ನಿನ್ನ ಸಿಟ್ಟ ಬರಿಯಾಕತ್ತಿ. ನನ್ನ ಕಾಗದ ಬರ್ದೇ ಇಲ್ಲ."

ಅವಳು ಹಾಗೆ ಅಂದದ್ದು ನನಗೆ ತಾಗಿತು. ಅಂಗಡಿಯಿಂದ ಕಾಗದ, ಪೆನ್ನು, ಲಕೋಟೆ ತಂದು, ಅವಳ ಕಲ್ಲಿನ ಮೇಲೆಯೇ ಕೂತು, ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಬರೆದೆ. ಒಂದೊಂದು ಸಾಲು ಮುಗಿದಾಗಲೂ ತಡೆದು ಒಣಗಿಸಿ, ನಿಂತದ್ದನ್ನು ಖಚಿತ ಮಾಡಿಕೊಂಡು ಮುಂದಿನದಕ್ಕೆ ಹೋದೆ.

"ತನ್ಮಯಿಗೆ. ನೀನು ನನ್ನ ಕೈಯ ರೊಟ್ಟಿ ಉಂಡವಳು. ನೀನು ಮಾಡಿಸಿದ ಚೀಲದ ಮೇಲೆ ಸಂಕವ್ವನ ಬೋರ್ಡಿನ ಎರಡು ಸಾಲು ಇವೆ. ಬೋರ್ಡಿನಲ್ಲಿ ಮೂರು ಇದ್ದವು. ನೀನು ಬಿಟ್ಟ ಸಾಲು ನಿಲ್ಲಲು ಒಂದು ವರ್ಷ ಹಿಡಿದಿತ್ತು. ಅದನ್ನು ಬಿಟ್ಟದ್ದರಿಂದ ಅವಳ ಹತ್ತಿರ ಈಗ ಯಾರೂ ಗಂಟು ಇಡುವುದಿಲ್ಲ. ನೀನು ಬೇಕೆಂದು ಮಾಡಲಿಲ್ಲ. ನನಗೆ ಅದಕ್ಕೇ ಹೆಚ್ಚು ಸಿಟ್ಟು. ಬೇಕೆಂದು ಕೆಡಿಸುವವರು ಮೊದಲು ಪೂರ್ತಿಯಾದರೂ ಓದಿರುತ್ತಾರೆ. ಆ ಚೀಲ ಮಾಡುವುದನ್ನು ನಿಲ್ಲಿಸು, ಇಲ್ಲವೇ ಮೂರನೆಯ ಸಾಲು ಹಾಕು. ಆಮೇಲೆ ನೀನೇ ಬಾ. ನೀನು ಕಳೆದುಕೊಳ್ಳಲಾರದ ವಸ್ತುವನ್ನು ಚೀಲಕ್ಕೆ ಹಾಕಿಕೊಂಡು ಬಾ. ಅದನ್ನು ಸಂಕವ್ವನ ಹತ್ತಿರ ಇಟ್ಟು ಸಂಜೆವರೆಗೂ ಊರು ತಿರುಗು. ಹಿಂದೆ ತಿರುಗಿ ನೋಡಬೇಡ."

ಸಂಕವ್ವನಿಗೆ ಓದಿ ಹೇಳಿದೆ. ಅವಳು ಮೊಳಕಾಲಿನ ಮೇಲೆ ಗಲ್ಲ ಇಟ್ಟು ಕೇಳಿದಳು.

"ಭಾಳ ಬೈದಿ."

"ಬೈದೀನಿ. ಎಲ್ಲಾ ನಿಂತೈತಿ ನೋಡು."

"ಇಡೋದು ಇಡ್ತಾಳ, ಸಂಜಿಗೆ ಮರೀದ ಬಂದು ಒಯ್ಯಿ ಅಂತನೂ ಬರಿ. ಹೋದ ವರ್ಷ ಒಬ್ಬ ಛತ್ರಿ ಬಿಟ್ಟ ಹೋಗ್ಯಾನ, ಇನ್ನಾ ಬಂದಿಲ್ಲ. ಅದನ್ನ ಕಾಯೋದ ದೊಡ್ಡ ಕೆಲಸ."

ಅದನ್ನೂ ಬರೆದೆ. ಅಷ್ಟರಲ್ಲಿ ಹಸನಸಾಬನ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯಿತು. ಅವಸರದಲ್ಲಿ, ರಾತ್ರಿ ಶಾಲೆಯಲ್ಲಿ ಕಲಿಸಿದ ರೂಢಿಯಂತೆ, ಕೈ ತಾನೇ ಕೆಳಗೆ "ಇತಿ, ನಿನ್ನ ಹಿತವನ್ನು ಬಯಸುವ, ನೀಲಗಂಗವ್ವ" ಎಂದು ಬರೆದುಬಿಟ್ಟಿತು. ಬರೆದ ಮೇಲೆ ನೋಡಿದೆ. ಹೋಗುತ್ತದೆ, ಹೆಸರೊಂದು ಉಳಿಯುತ್ತದೆ ಎಂದುಕೊಂಡೆ. ಬಿಸಿಲಿಗೆ ಹಿಡಿದೆ. ಊದಿದೆ. ಬಸ್ಸು ಬಂದು ನಿಂತಿತು, ಜನ ಇಳಿದರು, ಹತ್ತಿದರು. ಅಕ್ಷರ ಒಂದಿಷ್ಟೂ ಮಬ್ಬಾಗಲಿಲ್ಲ.

ಅದನ್ನು ಕಂಡು ನನಗೆ ಇಷ್ಟು ದಿನ ಬರದಿದ್ದ ಸಿಟ್ಟು ಬಂತು. ಇನ್ನೊಮ್ಮೆ ನೋಡಿದರೆ ಹರಿದುಹಾಕುತ್ತೇನೆಂದು ತಟ್ಟನೆ ಮಡಿಚಿ, ಲಕೋಟೆಗೆ ಹಾಕಿ, ನಾಲಿಗೆಯಿಂದ ಅಂಟು ನೆನೆಸಿ ಒತ್ತಿಹಿಡಿದೆ.

"ಮುಗೀತೇನಕ್ಕಾ ಕಡೀಗೆ?" ಎಂದ ಹಸನಸಾಬ, ಫುಟ್‌ಬೋರ್ಡಿನ ಮೇಲೆ ನಿಂತು.

"ಮಾತಾಡಬ್ಯಾಡ, ಒಯ್ಯಿ," ಎಂದು ಅವನ ಕೈಗೆ ಕೊಟ್ಟೆ. ಅವನು ಲಕೋಟೆಯನ್ನು ಟಿಕೆಟ್ ಚೀಲದೊಳಗೆ ಹಾಕಿಕೊಂಡು ಸೀಟಿ ಊದಿದ.